ವೆಂಟಾಯ್ ಪೆನ್‌ಡ್ರೈವ್ ಗಿರಾಕಿಯ ಲ್ಯಾಪ್‌ಟಾಪ್‌ಗೆ ಹಾಕುವ ಮುನ್ನ

ದಾವಣಗೆರೆಯಲ್ಲಿ ನಮ್ಮಂಥವರ ಟೇಬಲ್‌ಗೆ ಹೆಚ್ಚಾಗಿ ಬರುವುದು ಎರಡು ಬಗೆ: ಉಬುಂಟು ಬೇಕೆಂದು ಇಂಜಿನಿಯರಿಂಗ್ ಹುಡುಗರು ತರುವ ಲ್ಯಾಪ್‌ಟಾಪ್, ವಿಂಡೋಸ್ ಏಳದೆ ಮಂಡಿಪೇಟೆಯಿಂದ ಬರುವ ಬಿಲ್ಲಿಂಗ್ ಕಂಪ್ಯೂಟರ್. ಒಂದೇ ಪೆನ್‌ಡ್ರೈವ್‌ನಿಂದ ಹಲವು ಆಪರೇಟಿಂಗ್ ಸಿಸ್ಟಂ ಬೂಟ್ ಮಾಡಿಸುವ ತಂತ್ರಾಂಶ ವೆಂಟಾಯ್; ಅದನ್ನು ಹಾಕಿದ ಒಂದೇ ಪೆನ್‌ಡ್ರೈವ್ ಎರಡಕ್ಕೂ ಆಗುತ್ತದೆ, ನಿಜ. ಐಎಸ್‌ಒ ಫೈಲುಗಳನ್ನು (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ನಕಲು) ಸುಮ್ಮನೆ ಕಾಪಿ ಮಾಡಿದರೆ ಸಾಕು; ಬೂಟ್ ಮಾಡಿಸುವ ಸರಕೆಲ್ಲ ಕೊನೆಯ 32 ಎಂಬಿ ಪಾರ್ಟಿಷನ್‌ನಲ್ಲಿರುತ್ತದೆ. ಆದರೆ ಗಿರಾಕಿಯ ಮಷೀನ್‌ಗೆ ನಾನು ಅದನ್ನು ಯೋಚಿಸಿಯೇ ಹಾಕುತ್ತೇನೆ.

ವೆಂಟಾಯ್ ಮುಕ್ತ ತಂತ್ರಾಂಶವೇ. ಆದರೂ ಅದರ ಮೂಲಸಂಕೇತದ ಜೊತೆ ಮೊದಲೇ ತಯಾರಾದ, ತೆರೆದು ಓದಲಾಗದ ಬೈನರಿ ಫೈಲುಗಳು ಬಹಳ ಇದ್ದವು, ಅವು ಎಲ್ಲಿಂದ ಬಂದವೆಂದು ಬಳಕೆದಾರರು ಕೇಳುತ್ತಲೇ ಇದ್ದರು. 2025ರಲ್ಲಿ ಕರ್ತೃ ಒಂದೊಂದರ ಮೂಲವನ್ನೂ ಪಟ್ಟಿಮಾಡಿ ಉತ್ತರಿಸಿದರು. ನನಗೆ ಅದಕ್ಕಿಂತ ದೊಡ್ಡ ತಕರಾರು ಸೆಕ್ಯೂರ್ ಬೂಟ್‌ನದು, ಅಂದರೆ ನಂಬಿಕೆಯ ಸಹಿ ಇಲ್ಲದ್ದನ್ನು ಬೂಟ್ ಆಗಗೊಡದ ಕಾವಲಿನದು.

ಸೆಕ್ಯೂರ್ ಬೂಟ್ ಆನ್ ಇದ್ದರೆ ಮೊದಲ ಸಲ 'ವೆರಿಫಿಕೇಶನ್ ಫೇಲ್ಡ್' ಎಂದು ಬರುತ್ತದೆ. ಓಕೆ ಒತ್ತಿ, ನೀಲಿ ಪರದೆಯಲ್ಲಿ 'ಎನ್‌ರೋಲ್ ಕೀ ಫ್ರಂ ಡಿಸ್ಕ್' ಆರಿಸಿ, ವಿಟಾಯ್‌ಇಎಫ್‌ಐ ಎಂಬ ಆ 32 ಎಂಬಿ ಪಾರ್ಟಿಷನ್ ಒಳಗಿನ ಸರ್ಟಿಫಿಕೇಟ್ ತೋರಿಸಿದರೆ ಮುಗಿಯಿತು. ಕೆಲಸ ಸಲೀಸು, ಆದರೆ ಆ ಕೀಲಿ ಮದರ್‌ಬೋರ್ಡ್‌ನ ಮೆಮೊರಿಯಲ್ಲೇ ಉಳಿಯುತ್ತದೆ. ಪೆನ್‌ಡ್ರೈವ್ ಕಿತ್ತರೂ, ಹಾರ್ಡ್‌ಡಿಸ್ಕ್ ಫಾರ್ಮ್ಯಾಟ್ ಮಾಡಿದರೂ ಹೋಗದು. ಮುಂದೆ ಯಾರ ವೆಂಟಾಯ್ ಚುಚ್ಚಿದರೂ, ಸಹಿಯಿಲ್ಲದ ಐಎಸ್‌ಒ ಕೂಡ, ಆ ಲ್ಯಾಪ್‌ಟಾಪ್‌ನಲ್ಲಿ ಕೇಳದೆ ಏಳುತ್ತದೆ. ಆ ಕೀಲಿ ತೆಗೆಯಲು, ಇಂಥ ಕೀಲಿಗಳನ್ನು ನೋಡಿಕೊಳ್ಳುವ ಲಿನಕ್ಸ್‌ನ ಮೋಕ್‌ಯುಟಿಲ್ ಕಮಾಂಡ್‌ಗೆ ಎಕ್ಸ್‌ಪೋರ್ಟ್ ಕೊಟ್ಟು ವೆಂಟಾಯ್‌ನ ಫೈಲು ಯಾವುದೆಂದು ನೋಡಿ, ಅದನ್ನೇ ಡಿಲೀಟ್‌ಗೆ ಕೊಟ್ಟು, ಪಾಸ್‌ವರ್ಡ್ ಇಟ್ಟು ರೀಬೂಟ್ ಮಾಡಿ. ನೀಲಿ ಪರದೆಯಲ್ಲಿ ಅದೇ ಪಾಸ್‌ವರ್ಡ್ ಹಾಕಬೇಕು. ರೀಸೆಟ್ ಕೊಡಬೇಡಿ. ಉಬುಂಟುವಿನ ಎನ್‌ವಿಡಿಯಾ ಅಥವಾ ವೈಫೈ ಡ್ರೈವರ್‌ಗೆ ಸಹಿ ಹಾಕಿದ ಕೀಲಿಯೂ ಅಳಿದು, ಡ್ರೈವರ್ ಲೋಡ್ ಆಗದೆ ಗಿರಾಕಿ ಮರುದಿನವೇ ವಾಪಸ್ ಬರುತ್ತಾರೆ.

ಕೀಲಿಯ ಗೊಡವೆಯೇ ಬೇಡವೆಂದು ಸೆಕ್ಯೂರ್ ಬೂಟ್ ಆಫ್ ಮಾಡಿದರೆ ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳೀತು. ವಿಂಡೋಸ್ 11 ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಾನೇ ಎನ್‌ಕ್ರಿಪ್ಟ್ ಮಾಡಿಕೊಂಡಿರುತ್ತದೆ, ಮಾಲೀಕರಿಗೇ ಗೊತ್ತಿರುವುದಿಲ್ಲ. ಮೊದಲು ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇದೆಯೇ ನೋಡಿಸಿ, ಬಿಟ್‌ಲಾಕರ್ ತಾತ್ಕಾಲಿಕವಾಗಿ ನಿಲ್ಲಿಸಿ (ಸಸ್ಪೆಂಡ್), ಆಮೇಲೆ ಬಯಾಸ್ ಮುಟ್ಟಿ.

ಹಾಗಾಗಿ ವಿಂಡೋಸ್‌ಗೆ ನನ್ನದು ರೂಫಸ್ ಎಂಬ ತಂತ್ರಾಂಶದಲ್ಲಿ ಮಾಡಿದ ಬೇರೆಯೇ ಪೆನ್‌ಡ್ರೈವ್. ಒಂದಕ್ಕೆ ಒಂದೇ ಐಎಸ್‌ಒ, 8 ಜಿಬಿ ಸಾಕು. ಲಿನಕ್ಸ್ ಮಾತ್ರ ಹಲವು ಬೇಕಿದ್ದರೆ ಗ್ಲಿಮ್ ಇದೆ: ಲಿನಕ್ಸ್ ಬೂಟ್ ಮಾಡಿಸುವ ಗ್ರಬ್‌ನ ಮೆನು ಫೈಲುಗಳಷ್ಟೇ, ಓದಿ ನೋಡಬಹುದು. ವಿಂಡೋಸ್ ಅದರಲ್ಲಿ ಆಗದು. ಫ್ಯಾಟ್32 ಫಾರ್ಮ್ಯಾಟ್‌ನ ಒಂದೇ ಪಾರ್ಟಿಷನ್ ಇಟ್ಟರೆ 4 ಜಿಬಿ ಮೀರಿದ ಐಎಸ್‌ಒ ಅದರೊಳಗೆ ಕೂರದು. ಈಗಿನ ಉಬುಂಟು ಡೆಸ್ಕ್‌ಟಾಪ್ ಅಲ್ಲೇ ಹೊರಬಿತ್ತು, ಲಿನಕ್ಸ್ ಮಿಂಟ್ ಹಿಡಿಸುತ್ತದೆ.

ವೆಂಟಾಯ್ ನನ್ನ ಹತ್ತಿರ ಉಳಿದಿರುವುದು ನಮ್ಮದೇ ಟೆಸ್ಟ್ ಮಷೀನ್‌ಗಳಿಗೆ, ಸೆಕ್ಯೂರ್ ಬೂಟ್ ಇಲ್ಲದ ಹಳೆಯ ಡೆಸ್ಕ್‌ಟಾಪ್‌ಗಳಿಗೆ. ವೈರಸ್ ಹಿಡಿದ ಕಂಪ್ಯೂಟರ್‌ನಲ್ಲಿ ವಿಂಡೋಸ್ ಓಡುತ್ತಿರುವಾಗ ಅದನ್ನು ಚುಚ್ಚುವುದಿಲ್ಲ; ಐಎಸ್‌ಒ ಇರುವ ಪಾರ್ಟಿಷನ್‌ಗೆ ಯಾರು ಬೇಕಾದರೂ ಬರೆಯಬಹುದು. ಅನುಮಾನ ಬಂದರೆ ಮೆನುವಿನಲ್ಲಿ ಐಎಸ್‌ಒ ಮೇಲೆ ನಿಂತು ಎಂ ಕೀ ಒತ್ತಿ ಎಸ್‌ಎಚ್‌ಎ256 (ಫೈಲಿನ ಗುರುತಾಗಿರುವ ಅಂಕಿ-ಅಕ್ಷರಗಳ ಸಾಲು) ತೆಗೆದು, ಡೌನ್‌ಲೋಡ್ ಪುಟದಿಂದ ಬರೆದಿಟ್ಟುಕೊಂಡದ್ದರ ಜೊತೆ ಹೋಲಿಸುತ್ತೇನೆ. ಒಂದಕ್ಷರ ತಪ್ಪಿದರೂ ಪೂರ್ತಿ ಅಳಿಸಿ ಹೊಸದಾಗಿ ಮಾಡುವುದೇ.