ಟರ್ಮಿನಲ್‌ನಲ್ಲಿ ಓಡುವ ಪರ್ಲ್ ಬ್ರೌಸರ್‌ನಲ್ಲಿ ಯಾಕೆ ಮುಗ್ಗರಿಸುತ್ತದೆ?

ಹಳೆಯ ಸರ್ವರ್‌ನಲ್ಲಿ ವರ್ಷಗಟ್ಟಲೆ ತಕರಾರಿಲ್ಲದೆ ಓಡಿದ ಪರ್ಲ್ ಭಾಷೆಯ ಸ್ಕ್ರಿಪ್ಟ್ ಒಂದಿದೆ ಅಂದುಕೊಳ್ಳಿ. ಯಾವುದೋ ಅರ್ಜಿ ಫಾರ್ಮ್. ಹೊಸ ಉಬುಂಟು ಸರ್ವರ್‌ಗೆ ಅದನ್ನು ಕಾಪಿ ಮಾಡಿ ಬ್ರೌಸರ್‌ನಲ್ಲಿ ತೆರೆದರೆ '500 ಇಂಟರ್ನಲ್ ಸರ್ವರ್ ಎರರ್' ಬರುತ್ತದೆ. ಇಂಥ ಹೊತ್ತಿನಲ್ಲಿ ಎಷ್ಟೋ ಜನ ವೆಬ್ ಸರ್ವರ್ ತಂತ್ರಾಂಶವಾದ ಅಪಾಚಿಯನ್ನೇ ಕಿತ್ತು ಮತ್ತೆ ಹಾಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಸ್ವಲ್ಪ ತಾಳಿ, ಒಂದೊಂದಾಗಿ ನೋಡೋಣ. ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಬೇಕು.

ಮೊದಲು ಲಾಗ್ ಓದಿ

ಬ್ರೌಸರ್ ತೋರಿಸುವ 500ರಲ್ಲಿ ಏನೂ ಹುರುಳಿಲ್ಲ. ನಿಜವಾದ ಕಾರಣ ಇರುವುದು ಎರರ್ ಲಾಗ್‌ನಲ್ಲಿ. ಉಬುಂಟು, ಡೆಬಿಯನ್‌ಗಳಲ್ಲಿ ಅದು '/ವರ್/ಲಾಗ್/ಅಪಾಚಿ2' ಫೋಲ್ಡರ್ ಒಳಗಿರುತ್ತದೆ. ರೆಡ್ ಹ್ಯಾಟ್ ಬಳಗದಲ್ಲಿ ಅಪಾಚಿ2 ಬದಲು ಎಚ್‌ಟಿಟಿಪಿಡಿ. ನಿಮ್ಮ ಸೈಟಿಗೆ ಬೇರೆ ಎರರ್‌ಲಾಗ್ ಸಾಲು ಬರೆದಿದ್ದರೆ ಅದು ಹೇಳುವ ಕಡೆ ಹುಡುಕಿ. ಒಂದು ಕಿಟಕಿಯಲ್ಲಿ 'ಸುಡೊ ಟೇಲ್ -ಎಫ್' ಎಂದು ಲಾಗ್ ತೆರೆದಿಡಿ ('ಸುಡೊ' ಅಂದರೆ ಆಡಳಿತಗಾರನ ಅಧಿಕಾರದಲ್ಲಿ ಓಡಿಸು ಎಂದು), ಇನ್ನೊಂದರಲ್ಲಿ ಪುಟವನ್ನು ರಿಫ್ರೆಶ್ ಮಾಡಿ. ಹೊಸದಾಗಿ ಬೀಳುವ ಸಾಲುಗಳಲ್ಲಿ 'ಎಂಡ್ ಆಫ್ ಸ್ಕ್ರಿಪ್ಟ್ ಔಟ್‌ಪುಟ್ ಬಿಫೋರ್ ಹೆಡರ್ಸ್' ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದು ಸ್ಕ್ರಿಪ್ಟ್ ಸತ್ತಿದೆ ಎಂಬ ಸುದ್ದಿ ಅಷ್ಟೇ. ಯಾಕೆ ಸತ್ತಿತು ಅನ್ನುವುದು ಸಾಮಾನ್ಯವಾಗಿ ಅದರ ಮೇಲಿನ ಸಾಲಿನಲ್ಲಿರುತ್ತದೆ.

ಮಾಡ್ಯೂಲ್ ಸಿಗುತ್ತಿಲ್ಲವೇ?

ಹೊಸ ಸರ್ವರ್‌ನಲ್ಲಿ ಅತಿ ಹೆಚ್ಚು ಕಾಣುವ ದೂರು 'ಕಾಂಟ್ ಲೊಕೇಟ್ ಸಿಜಿಐ.ಪಿಎಂ ಇನ್ @ಐಎನ್‌ಸಿ'. @ಐಎನ್‌ಸಿ ಎಂದರೆ ಪರ್ಲ್ ಮಾಡ್ಯೂಲ್ (ಸ್ಕ್ರಿಪ್ಟ್ ಕರೆದು ಬಳಸುವ ಸಿದ್ಧ ಕೋಡ್) ಹುಡುಕುವ ಫೋಲ್ಡರ್‌ಗಳ ಪಟ್ಟಿ. ಆ ಪಟ್ಟಿಯೂ ಅದೇ ದೂರಿನಲ್ಲಿ ಅಚ್ಚಾಗಿರುತ್ತದೆ. ವೆಬ್ ಫಾರ್ಮ್ ನಿಭಾಯಿಸುವ ಸಿಜಿಐ ಮಾಡ್ಯೂಲ್ ಮೊದಲು ಪರ್ಲ್ ಜೊತೆಗೇ ಬರುತ್ತಿತ್ತು. 2015ರಲ್ಲಿ ಬಂದ ಪರ್ಲ್ 5.22ರಿಂದ ಅದನ್ನು ಹೊರಗಿಟ್ಟರು. ಹಾಗಾಗಿ ನಿಮ್ಮ ಸ್ಕ್ರಿಪ್ಟ್‌ನಲ್ಲಿ ತಪ್ಪಿಲ್ಲ, ಮಾಡ್ಯೂಲ್ ಬೇರೆಯಾಗಿ ಹಾಕಬೇಕು. ಉಬುಂಟುವಿನಲ್ಲಿ 'ಸುಡೊ ಆ್ಯಪ್ಟ್ ಇನ್‌ಸ್ಟಾಲ್ ಲಿಬ್‌ಸಿಜಿಐ-ಪಿಎಂ-ಪರ್ಲ್' ಸಾಕು.

ಬೇರೆ ಮಾಡ್ಯೂಲ್‌ಗಳ ಹೆಸರು ಊಹಿಸುವುದು ಸುಲಭ. ಹೆಸರನ್ನೆಲ್ಲ ಸಣ್ಣಕ್ಷರ ಮಾಡಿ, ನಡುವಿನ ಜೋಡಿ ಕೋಲನ್ ತೆಗೆದು ಅಡ್ಡಗೆರೆ ಹಾಕಿ, ಮುಂದೆ 'ಲಿಬ್', ಹಿಂದೆ '-ಪರ್ಲ್' ಸೇರಿಸಿ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಡ್ರೈವರ್ ಡಿಬಿಡಿ::ಮೈಎಸ್‌ಕ್ಯೂಎಲ್ ಆಗ 'ಲಿಬ್‌ಡಿಬಿಡಿ-ಮೈಎಸ್‌ಕ್ಯೂಎಲ್-ಪರ್ಲ್' ಆಗುತ್ತದೆ. ಪ್ಯಾಕೇಜ್ ಇಲ್ಲದಿದ್ದರೆ ಮಾತ್ರ ಪರ್ಲ್ ಮಾಡ್ಯೂಲ್‌ಗಳ ಭಂಡಾರವಾದ ಸಿಪ್ಯಾನ್ ಕಡೆ ಹೋಗಿ. ಪ್ಯಾಕೇಜ್ ಆದರೆ ಮುಂದೆ ಸಿಸ್ಟಂ ಅಪ್‌ಡೇಟ್ ಜೊತೆಗೇ ಅದೂ ಅಪ್‌ಡೇಟ್ ಆಗುತ್ತದೆ. ಸಿಪ್ಯಾನ್‌ನಿಂದ ತಂದದ್ದನ್ನು ನೀವೇ ನೋಡಿಕೊಳ್ಳಬೇಕು.

ಕಾಣೆಯಾಗಿರುವುದು ನೀವೇ ಬರೆದ ಮಾಡ್ಯೂಲ್, ಅದು ಸ್ಕ್ರಿಪ್ಟ್ ಪಕ್ಕದಲ್ಲೇ ಕೂತಿದೆ, ಆದರೂ ಪರ್ಲ್ 'ಇಲ್ಲ' ಅನ್ನುತ್ತದೆಯೇ? ಇದು 2017ರ 5.26ರ ಕೆಲಸ. ಅಲ್ಲಿವರೆಗೆ 'ಈಗಿರುವ ಫೋಲ್ಡರ್' ಎಂಬರ್ಥದ ಚುಕ್ಕಿಯೂ ಪಟ್ಟಿಯಲ್ಲಿತ್ತು. ಎಲ್ಲರೂ ಬರೆಯಬಹುದಾದ ಫೋಲ್ಡರ್‌ನಲ್ಲಿ ಯಾರಾದರೂ ಕಳ್ಳ ಮಾಡ್ಯೂಲ್ ಇಟ್ಟರೆ ಪರ್ಲ್ ಅದನ್ನೇ ಎತ್ತಿಕೊಳ್ಳಬಹುದಿತ್ತು. ಆ ಭಯಕ್ಕೆ ಚುಕ್ಕಿಯನ್ನು ತೆಗೆದರು. ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ 'ಯೂಸ್ ಫೈಂಡ್‌ಬಿನ್' ಬರೆದು, ಅದರ ಕೆಳಗೆ 'ಯೂಸ್ ಲಿಬ್' ಸಾಲಿನಲ್ಲಿ ಫೈಂಡ್‌ಬಿನ್ ಕೊಡುವ ಫೋಲ್ಡರ್ ಸೇರಿಸಿ.

ಓಡಿಸುತ್ತಿರುವುದು ನೀವಲ್ಲ

ನನ್ನ ಒಂದಿಡೀ ಸಂಜೆ ತಿಂದದ್ದು ಈ ವಿಷಯ. ಟರ್ಮಿನಲ್‌ನಲ್ಲಿ ಸ್ಕ್ರಿಪ್ಟ್ ಸಲೀಸಾಗಿ ಓಡುತ್ತಿತ್ತು. ಬ್ರೌಸರ್‌ನಲ್ಲಿ ಅದೇ 'ಕಾಂಟ್ ಲೊಕೇಟ್'. ಮಾಡ್ಯೂಲನ್ನು ಮೂರು ಸಲ ಹಾಕಿದೆ, ಮೂರು ಸಲವೂ 'ಆಗಲೇ ಇದೆ' ಅಂತು. ಇತ್ತು, ಆದರೆ ನನ್ನ ಮನೆ ಫೋಲ್ಡರ್‌ನಲ್ಲಿ! ಸಿಪ್ಯಾನ್‌ನಿಂದ ಮಾಡ್ಯೂಲ್ ತರುವ ಸಿಪ್ಯಾನ್‌ಎಂ ಆಜ್ಞೆಯನ್ನು ಸುಡೊ ಇಲ್ಲದೆ ಬಳಸಿದರೆ ಅದು ಮಾಡ್ಯೂಲನ್ನು ಹೋಮ್ ಒಳಗಿನ 'ಪರ್ಲ್5' ಫೋಲ್ಡರ್‌ಗೆ ಹಾಕುತ್ತದೆ. ಅಪಾಚಿ ಓಡುವುದು 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ' ಎಂಬ ಬೇರೆ ಬಳಕೆದಾರನ ಹೆಸರಿನಲ್ಲಿ. ಅವನಿಗೆ ಆ ಫೋಲ್ಡರ್‌ನ ದಾರಿ ಹೇಳುವ ನನ್ನ ಪರ್ಲ್5ಲಿಬ್ ಗೊತ್ತಿಲ್ಲ. ಗೊತ್ತಿದ್ದರೂ ಒಳಗೆ ಬರುವ ಹಾಗಿಲ್ಲ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳ ಅನುಮತಿ 750, ಅಂದರೆ ಹೊರಗಿನವರಿಗೆ ಬಾಗಿಲು ಮುಚ್ಚಿದೆ.

ಹಾಗಾಗಿ ಪರೀಕ್ಷೆ ಮಾಡುವಾಗ ಅವನ ವೇಷ ಹಾಕಿ. 'ಸುಡೊ -ಯು' ಎಂದು ಅವನ ಹೆಸರು ಬರೆದು, ಮುಂದೆ '/ಯುಎಸ್‌ಆರ್/ಬಿನ್/ಪರ್ಲ್ -ಸಿ' ಮತ್ತು ಸ್ಕ್ರಿಪ್ಟ್‌ನ ಪೂರ್ತಿ ದಾರಿ ಕೊಡಿ. '-ಸಿ' ಅಂದರೆ ಸ್ಕ್ರಿಪ್ಟ್ ಓಡಿಸದೆ ತಪ್ಪು ಮಾತ್ರ ನೋಡು ಎಂದು. ಬರೀ 'ಪರ್ಲ್' ಅಂದರೆ ಸಾಲದು. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಯಾವ ಪರ್ಲ್ ಬರೆದಿದೆಯೋ ಅದನ್ನೇ ಕೊಡಬೇಕು. ಹಲವು ಪರ್ಲ್ ಆವೃತ್ತಿ ಇಟ್ಟುಕೊಳ್ಳಲು ಪರ್ಲ್‌ಬ್ರೂ ಹಾಕಿಕೊಂಡವರ ಹತ್ತಿರ ಎರಡು ಮೂರು ಪರ್ಲ್ ಇರುತ್ತವೆ.

ಇಲ್ಲೊಂದು ಮೋಸವಿದೆ. '-ಸಿ' ಪರೀಕ್ಷೆ 'ಯೂಸ್' ಎಂದು ಕರೆದ ಮಾಡ್ಯೂಲ್‌ಗಳನ್ನು ಮಾತ್ರ ಹಿಡಿಯುತ್ತದೆ. ಡೇಟಾಬೇಸ್ ಡ್ರೈವರ್ ಹಾಗಲ್ಲ, ಅದನ್ನು ಡೇಟಾಬೇಸ್ ಮಾಡ್ಯೂಲ್ ಆದ ಡಿಬಿಐ ಕರೆಯುವುದು ಕನೆಕ್ಟ್ ಆಗುವ ಗಳಿಗೆಯಲ್ಲಿ. 'ಸಿಂಟ್ಯಾಕ್ಸ್ ಓಕೆ' ಬಂದಮೇಲೂ 'ಇನ್‌ಸ್ಟಾಲ್ ಡ್ರೈವರ್ ಫೇಲ್ಡ್' ಬಂದರೆ ಗಾಬರಿಯಾಗಬೇಡಿ, ಡಿಬಿಡಿ ಪ್ಯಾಕೇಜ್ ಬಾಕಿಯಿದೆ ಎಂದರ್ಥ.

ಹಳೆಯ ಸರ್ವರ್‌ನ ಮಾಡ್ಯೂಲ್ ಫೋಲ್ಡರನ್ನೇ ಹೊತ್ತು ತಂದವರಿಗೆ 'ಹ್ಯಾಂಡ್‌ಶೇಕ್ ಕೀ' ಹೊಂದುತ್ತಿಲ್ಲ ಎಂಬ ದೂರು ಬರಬಹುದು. ಕೆಲವು ಮಾಡ್ಯೂಲ್‌ಗಳಲ್ಲಿ ಸಿ ಭಾಷೆಯ ಭಾಗವಿರುತ್ತದೆ. ಅದು ಕಂಪೈಲ್ ಆದ ಪರ್ಲ್‌ಗೆ ಮಾತ್ರ ಒಗ್ಗುತ್ತದೆ. ಕಾಪಿ ಅಳಿಸಿ, ಹೊಸದಾಗಿ ಹಾಕಿ. ಬೇರೆ ದಾರಿ ಇಲ್ಲ.

ಮಾಡ್ಯೂಲ್ ಎಲ್ಲ ಸರಿ, ಆದರೂ?

ಈಗ ಅಪಾಚಿ ಕಡೆ ತಿರುಗಿ. ಸ್ಕ್ರಿಪ್ಟ್ ಓಡುವ ಬದಲು ಅದರ ಕೋಡೇ ಪುಟದಲ್ಲಿ ಕಂಡರೆ ಅಥವಾ ಡೌನ್‌ಲೋಡ್ ಆದರೆ ಅಪಾಚಿಯಲ್ಲಿ ಸ್ಕ್ರಿಪ್ಟ್ ಓಡಿಸುವ ಸಿಜಿಐ ಸೌಲಭ್ಯ ಆನ್ ಆಗಿಲ್ಲ. 'ಸುಡೊ ಎ2ಎನ್‌ಮಾಡ್ ಸಿಜಿಐ' ಕೊಟ್ಟು ಅಪಾಚಿ ರೀಸ್ಟಾರ್ಟ್ ಮಾಡಿ. ಸಿಜಿಐ-ಬಿನ್ ಬಿಟ್ಟು ಬೇರೆ ಫೋಲ್ಡರ್‌ನಲ್ಲಿ ಇಟ್ಟಿದ್ದರೆ ಆ ಫೋಲ್ಡರ್‌ಗೆ '+ಎಕ್ಸೆಕ್‌ಸಿಜಿಐ' ಆಪ್ಷನ್ ಮತ್ತು ಆ್ಯಡ್‌ಹ್ಯಾಂಡ್ಲರ್ ಸಾಲು ಎರಡೂ ಬೇಕು. ಕಾನ್ಫಿಗ್ ಮುಟ್ಟಿದಾಗಲೆಲ್ಲ ರೀಸ್ಟಾರ್ಟ್‌ಗೆ ಮುಂಚೆ 'ಅಪಾಚಿಸಿಟಿಎಲ್ ಕಾನ್ಫಿಗ್‌ಟೆಸ್ಟ್' ಓಡಿಸಿ.

ಸ್ಕ್ರಿಪ್ಟ್‌ಗೆ 755 ಅನುಮತಿ ಕೊಡಿ, ಅಂದರೆ ಒಡೆಯ ಮಾತ್ರ ಬದಲಿಸಬಹುದು, ಉಳಿದವರು ಓದಿ ಓಡಿಸಬಹುದು. ಯಾರು ಬೇಕಾದರೂ ಬದಲಿಸಬಹುದಾದ 777 ಬೇಡ, ಸ್ಕ್ರಿಪ್ಟನ್ನು ಅದರ ಒಡೆಯನ ಹೆಸರಿನಲ್ಲಿ ಓಡಿಸುವ ಸುಎಕ್ಸೆಕ್ ಇರುವ ಕಡೆ ಅದನ್ನು ಓಡಿಸುವುದೇ ಇಲ್ಲ. ಇನ್ನು ವಿಂಡೋಸ್‌ನಲ್ಲಿ ಎಡಿಟ್ ಮಾಡಿದ ಫೈಲ್. ಕಣ್ಣೆದುರೇ ಇರುವ ಸ್ಕ್ರಿಪ್ಟ್ ಬಗ್ಗೆ ಲಾಗ್ 'ನೋ ಸಚ್ ಫೈಲ್' ಅನ್ನುತ್ತದೆ! ಮೊದಲ ಸಾಲಿನ ಕೊನೆಯಲ್ಲಿ ಕಾಣದ ಒಂದು ಅಕ್ಷರ ಸೇರಿಕೊಂಡಿದೆ. ಆ ಅಕ್ಷರ ಸೇರಿದ ಹೆಸರಿನ ಪರ್ಲ್ ಅನ್ನು ಸಿಸ್ಟಂ ಹುಡುಕುತ್ತಿದೆ, ಸಿಗುತ್ತಿಲ್ಲ. 'ಡಾಸ್2ಯುನಿಕ್ಸ್' ಓಡಿಸಿದರೆ ಮುಗಿಯಿತು. ಕಂಟೆಂಟ್-ಟೈಪ್ ಸಾಲಿನ ನಂತರ ಒಂದು ಖಾಲಿ ಸಾಲು ಅಚ್ಚಾಗುತ್ತಿದೆಯೇ ಅಂತಲೂ ನೋಡಿಕೊಳ್ಳಿ.

ಲಾಗ್ ನೋಡಲು ಅನುಮತಿಯೇ ಇಲ್ಲದವರು 'ಸಿಜಿಐ::ಕಾರ್ಪ್' ಮಾಡ್ಯೂಲ್‌ನ 'ಫೇಟಲ್ಸ್‌ಟುಬ್ರೌಸರ್' ಹಾಕಿ ದೂರನ್ನು ಬ್ರೌಸರ್‌ಗೇ ತರಿಸಿಕೊಳ್ಳಬಹುದು. ಕೆಲಸ ಆದ ತಕ್ಷಣ ಆ ಸಾಲು ತೆಗೆಯಿರಿ. ಇಲ್ಲದಿದ್ದರೆ ನಿಮ್ಮ ಫೋಲ್ಡರ್‌ಗಳ ದಾರಿಯೆಲ್ಲ ಊರಿಗೇ ಕಾಣುತ್ತದೆ.