ಸೂಪರ್ ಫಾಸ್ಫೇಟ್: ಕಲ್ಲಿನಿಂದ ಚೀಲದವರೆಗೆ

ಸೂಪರ್ ಫಾಸ್ಫೇಟ್ ಕಾರ್ಖಾನೆಯಲ್ಲಿ ನಾನು ಶಿಫ್ಟ್ ಕೆಮಿಸ್ಟ್ ಆಗಿದ್ದೆ. ಈ ಗೊಬ್ಬರದ ಚೀಲ ಹೊತ್ತವರು ತುಂಬಾ ಜನ, ಅದು ತಯಾರಾಗುವುದನ್ನು ನೋಡಿದವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಕ್ಕೂ ಮೂಲ ರಾಕ್ ಫಾಸ್ಫೇಟ್ ಎಂಬ ಕಲ್ಲು. ನಮಗೆ ಉದಯಪುರದ ಕಡೆಯ ಗಣಿಯಿಂದ ಬರುತ್ತಿತ್ತು, ಕೆಲವೊಮ್ಮೆ ಈಜಿಪ್ಟಿನಿಂದ. ಇದರಲ್ಲಿ ರಂಜಕ ಧಾರಾಳವಾಗಿದೆ, ಆದರೆ ನೀರಿಗೆ ಕರಗುವುದಿಲ್ಲ. ಮಲೆನಾಡಿನ ಹುಳಿ ಮಣ್ಣಿನಲ್ಲಾದರೆ ನಿಧಾನಕ್ಕೆ ಕರಗೀತು. ಬಯಲುಸೀಮೆಯ ಸುಣ್ಣದ ಮಣ್ಣಿಗೆ ಹಾಕಿದರೆ ಸುಮ್ನೆ ಬಿದ್ದಿರುತ್ತದೆ. ಗಂಧಕಾಮ್ಲ ಎಂಬ ಆಸಿಡ್ ಹಾಕಿ ಆ ರಂಜಕವನ್ನು ನೀರಿಗೆ ಕರಗುವಂತೆ ಮಾಡುವುದೇ ಕಾರ್ಖಾನೆಯ ಕೆಲಸ.

ಲೋಡ್ ಬಂದ ಕೂಡಲೇ ನಾನು ಮೊದಲು ನೋಡುತ್ತಿದ್ದದ್ದು ಕಲ್ಲಿನಲ್ಲಿರುವ ಸುಣ್ಣದ ಅಂಶ. ಸ್ವಲ್ಪ ಇದ್ದರೆ ಒಳ್ಳೆಯದೇ, ಗಾಳಿಗುಳ್ಳೆ ಎದ್ದು ಗೊಬ್ಬರ ಹಗುರಾಗುತ್ತದೆ. ಜಾಸ್ತಿಯಾದರೆ ಆಸಿಡ್ಡನ್ನೆಲ್ಲ ಅದೇ ತಿಂದುಬಿಡುತ್ತದೆ.

ಕಲ್ಲನ್ನು ಮೈದಾದಷ್ಟು ನುಣ್ಣಗೆ ಅರೆದು, ಸುಮಾರು 70 ಶೇಕಡಾಕ್ಕೆ ಇಳಿಸಿದ ಗಂಧಕಾಮ್ಲದ ಜೊತೆ ಮಿಕ್ಸರಿಗೆ ಬಿಡುತ್ತೇವೆ. ಬುಸುಗುಟ್ಟಿ ಕಾಯುತ್ತದೆ, ಹೊಗೆ ಏಳುತ್ತದೆ. ಆ ಹೊಗೆಯಲ್ಲಿ ಫ್ಲೋರಿನ್ ಇರುವುದರಿಂದ ಹೊರಗೆ ಬಿಡುವಂತಿಲ್ಲ. ಸ್ಕ್ರಬ್ಬರಿನಲ್ಲಿ ನೀರು ಚಿಮುಕಿಸಿ ಹಿಡಿಯಬೇಕು. ಆಗ ಸಿಲಿಕಾ ಲೋಳೆಯಂತೆ ಕೂತು ಪೈಪು ಕಟ್ಟುತ್ತದೆ. ಅದನ್ನು ಕೆರೆದು ತೆಗೆಯುವುದು ಮುಗಿಯದ ಕೆಲಸ. ಅದನ್ನು ಮಾಡುವವರಿಗೆ ಒಳ್ಳೆಯ ಮಾಸ್ಕು, ಗ್ಲೌಸು ಕೊಡಲೇಬೇಕು ಎಂದು ನಾನು ಹಟ ಹಿಡಿಯುತ್ತಿದ್ದೆ.

ಮಿಕ್ಸರಿನಿಂದ ಡೆನ್ನಿಗೆ, ಅಂದರೆ ಗಟ್ಟಿಯಾಗಲು ಬಿಡುವ ಕೋಣೆಗೆ, ಬಿದ್ದ ಗಂಜಿ ಒಂದು ಗಂಟೆಯೊಳಗೆ ಗಟ್ಟಿಯಾಗುತ್ತದೆ. ನೋಡಿದರೆ ಗೊಬ್ಬರವೇ ಅನಿಸುತ್ತದೆ, ಆದರೆ ಇನ್ನೂ ಆಗಿಲ್ಲ. ಗಂಧಕಾಮ್ಲದ ಕೆಲಸ ಬೇಗ ಮುಗಿದಿರುತ್ತದೆ. ಅದರಿಂದ ಹುಟ್ಟಿದ ಫಾಸ್ಫಾರಿಕ್ ಆಸಿಡ್ ಉಳಿದ ಕಲ್ಲನ್ನು ಕರಗಿಸಲು ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ಶೆಡ್ಡಿನಲ್ಲಿ ರಾಶಿ ಹಾಕಿ, ಲೋಡರಿನಿಂದ ಆಗಾಗ ಮಗುಚುತ್ತೇವೆ. ನನ್ನ ಪ್ರಕಾರ ಗುಣಮಟ್ಟ ತೀರ್ಮಾನವಾಗುವುದು ಈ ರಾಶಿಯಲ್ಲೇ. ಅವಸರಕ್ಕೆ ಚೀಲ ತುಂಬಿದರೆ ಉಳಿದ ಆಸಿಡ್ ಚೀಲವನ್ನೇ ತಿನ್ನುತ್ತದೆ, ಗೊಬ್ಬರ ಹೆಂಟೆ ಕಟ್ಟುತ್ತದೆ. ಹೀಗೆ ಉಳಿದ ಬಿಡಿ ಆಸಿಡ್ 4 ಶೇಕಡಾಕ್ಕಿಂತ ಕೆಳಗೆ ಬರಬೇಕು. ಲ್ಯಾಬಿನಲ್ಲಿ ರಂಜಕ ಅಳೆಯುವಾಗ ಮೊಲಿಬ್ಡೇಟ್ ಎಂಬ ರಾಸಾಯನಿಕ ಹಾಕಿದರೆ ಹಳದಿ ಚರಟ ಕೂರುತ್ತದೆ. ನನಗೆ ಇಂದಿಗೂ ಇಷ್ಟವಾದ ಬಣ್ಣ ಅದು.

ಚೀಲದ ಮೇಲಿನ 16 ಶೇಕಡಾ ಎಂದರೆ ಬರೀ ರಂಜಕವಲ್ಲ, ಆಮ್ಲಜನಕವೂ ಸೇರಿದ ಫಾಸ್ಫರಸ್ ಪೆಂಟಾಕ್ಸೈಡ್ ಲೆಕ್ಕ. 50 ಕಿಲೋ ಚೀಲದಲ್ಲಿ ಅದು 8 ಕಿಲೋ. ನಿಜವಾದ ರಂಜಕ ಮೂರೂವರೆ ಕಿಲೋ ಅಷ್ಟೇ. ಜೊತೆಗೆ ಸುಮಾರು ಐದೂವರೆ ಕಿಲೋ ಗಂಧಕ ಇರುತ್ತದೆ. ಕಲ್ಲು, ಗಂಧಕಾಮ್ಲ ಸೇರಿದಾಗ ಆಗುವ ಜಿಪ್ಸಂ ಒಳಗೇ ಉಳಿಯುವುದರಿಂದ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ಶೇಂಗಾ, ಸೂರ್ಯಕಾಂತಿ ಬೆಳೆಯುವವರಿಗೆ ಇದು ದೊಡ್ಡ ಲಾಭ ಅಲ್ವಾ? ಡಿಎಪಿ (ಡೈ ಅಮೋನಿಯಂ ಫಾಸ್ಫೇಟ್) ಗೊಬ್ಬರದಲ್ಲಿ ಇವೆರಡೂ ಸಿಗುವುದಿಲ್ಲ. ಒಂದು ಚೀಲ ಡಿಎಪಿ ಬದಲು ಮೂರು ಚೀಲ ಸೂಪರ್ ಹಾಕಿದರೆ ರಂಜಕ ಸರಿಹೋಗುತ್ತದೆ. ಸಾರಜನಕ ಮಾತ್ರ ಇದರಲ್ಲಿಲ್ಲ, ಅದಕ್ಕೆ ಸುಮಾರು 20 ಕಿಲೋ ಯೂರಿಯಾ ಸೇರಿಸಿಕೊಳ್ಳಬೇಕು.