ನಕ್ಷತ್ರಕ್ಕೆ ಚಂದಾ ಸಿಗುತ್ತದೆ, ಕೊಕ್ಕೆಗೆ ಸಿಗುವುದಿಲ್ಲ

ನಮ್ಮದು ಸಣ್ಣ ಪಟ್ಟಣ. ಕ್ರಿಸ್‌ಮಸ್ ದೀಪಗಳ ಖರ್ಚನ್ನು ಮೊದಲು ಪುರಸಭೆಯೇ ನೋಡಿಕೊಳ್ಳುತ್ತಿತ್ತು. ಒಂದು ವರ್ಷ ಕೈ ಚೆಲ್ಲಿಬಿಟ್ಟಿತು. ನಾವೊಂದಷ್ಟು ಜನ ಸೇರಿ ಸಮಿತಿ ಮಾಡಿಕೊಂಡೆವು. ಲೆಕ್ಕ ಬರೆಯಲು ಬರುತ್ತದೆ ಅಂದ ತಪ್ಪಿಗೆ ಖಜಾಂಚಿ ಕೆಲಸ ನನ್ನ ತಲೆಗೆ ಬಂತು.

ದೀಪ ಕೊಳ್ಳುವುದೇ ದೊಡ್ಡ ಖರ್ಚು ಅಂದುಕೊಂಡಿದ್ದೆ. ಹಾಗಲ್ಲ. ಒಮ್ಮೆ ಕೊಂಡ ದೀಪ ಹಲವು ವರ್ಷ ಬರುತ್ತದೆ. ಕ್ರೇನ್ ಬಾಡಿಗೆ, ಎಲೆಕ್ಟ್ರಿಷಿಯನ್ ಕೂಲಿ, ವಿಮೆ, ಉಳಿದ ಹನ್ನೊಂದು ತಿಂಗಳು ಸಾಮಾನು ಇಡಲು ಜಾಗ, ಇವೆಲ್ಲ ಪ್ರತಿ ವರ್ಷದ ಕಾಟ. ರಸ್ತೆಗೆ ಅಡ್ಡಲಾಗಿ ತಂತಿ ಕಟ್ಟಬೇಕಾದರೆ ಗೋಡೆಯ ಕೊಕ್ಕೆಗಳನ್ನು ಎಳೆದು ಪರೀಕ್ಷೆ ಮಾಡಿಸಬೇಕು. ದೀಪದ ತೂಕ ಏನೂ ಇಲ್ಲ, ಗಾಳಿ ಬೀಸಿದಾಗಿನ ಎಳೆತವೇ ಜಾಸ್ತಿ. ಇದನ್ನೆಲ್ಲ ಹೇಳಿ ಚಂದಾ ಕೇಳಿ ನೋಡಿ! "ನಕ್ಷತ್ರಕ್ಕೆ ಕೊಡ್ತೀನಿ, ನನ್ನ ಹೆಸರು ಹಾಕಿಸಿ" ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಕೊಕ್ಕೆಗೆ ಯಾರು ಕೊಡುತ್ತಾರೆ?

ಮೊದಲ ವರ್ಷ ನವೆಂಬರಿನಲ್ಲಿ ರಸೀದಿ ಪುಸ್ತಕ ಹಿಡಿದು ಹೊರಟೆವು. ಅಂಗಡಿಯವರಿಗೆ ತಲೆ ಎತ್ತಲೂ ಪುರಸೊತ್ತಿಲ್ಲದ ಸಮಯ ಅದು. ನಾಳೆ ಬನ್ನಿ, ನಾಡಿದ್ದು ಬನ್ನಿ. ಸಾಲ ಮಾಡಿ ಹೇಗೋ ದೀಪ ಹಚ್ಚಿದೆವು. ಜನವರಿಯಲ್ಲಿ ಬಿಚ್ಚಿದ ಸರಗಳನ್ನು ಒದ್ದೆಯಲ್ಲೇ ಸುತ್ತಿ ಮೂಲೆಗೆ ಹಾಕಿದ್ದು ಇನ್ನೊಂದು ತಪ್ಪು. ಮುಂದಿನ ವರ್ಷ ಅರ್ಧಕ್ಕರ್ಧ ಹತ್ತಲಿಲ್ಲ. ಅವು ಹಳೇ ಕಾಲದ ಸೀರಿಯಲ್ ಸೆಟ್, ಒಂದು ಬಲ್ಬ್ ಹೋದರೆ ಇಡೀ ಸರವೇ ಕತ್ತಲು.

ಎಲ್‌ಇಡಿ ಕೊಳ್ಳೋಣ ಅಂದಾಗ ಸಮಿತಿಯಲ್ಲಿ ಜಗಳ. ಆಗ ಬೋರ್ಡಿನ ಮೇಲೆ ಲೆಕ್ಕ ಬರೆದೆ. 7 ವಾಟಿನ ಬಲ್ಬ್ 1000 ಇದ್ದು, ದಿನಕ್ಕೆ 6 ಗಂಟೆ, 30 ದಿನ ಉರಿದರೆ 1260 ಯೂನಿಟ್. ಅರ್ಧ ವಾಟಿನ ಎಲ್‌ಇಡಿ ಆದರೆ 90. ಜಗಳ ಅಲ್ಲಿಗೆ ಮುಗಿಯಿತು. ಆದರೆ ಕ್ರೇನಿನವನಿಗೆ ಬಲ್ಬ್ ಯಾವುದಾದರೇನು, ಬಾಡಿಗೆ ಬಾಡಿಗೆಯೇ ಅಲ್ವಾ?

ಕೊನೆಗೆ ಕೈ ಹಿಡಿದದ್ದು ಕಂಬದ ಲೆಕ್ಕ. ಕ್ರೇನು, ವಿಮೆ, ಕೊಕ್ಕೆ ಎಲ್ಲ ಸೇರಿಸಿ ಒಟ್ಟು ಖರ್ಚನ್ನು 40 ಕಂಬಗಳಿಗೆ ಹಂಚಿದೆವು. ಒಂದು ಕಂಬಕ್ಕೆ ಇಷ್ಟು, ಮೂರು ವರ್ಷಕ್ಕೆ ಒಪ್ಪಿಕೊಳ್ಳಬೇಕು, ಇಬ್ಬರು ಮೂವರು ಸೇರಿ ಕೊಟ್ಟರೂ ಸರಿ. ಜನವರಿಯಲ್ಲಿ, ದೀಪ ಇನ್ನೂ ಕಣ್ಣೆದುರು ಇರುವಾಗಲೇ ಕೇಳಲು ಶುರು ಮಾಡಿದೆವು. 26 ಕಂಬಗಳಿಗೆ ಜನ ಸಿಕ್ಕರು.

ಉಳಿದ 14ಕ್ಕೂ ಸಾಲ ಮಾಡಿ ಹಾಕೋಣ ಅಂದರು ಕೆಲವರು. ನಾನು ಒಪ್ಪಲಿಲ್ಲ. ಖಾಲಿಯೇ ಇರಲಿ, ಜನ ನೋಡಲಿ ಅಂದೆ. ಬೈಗುಳ ಸುಮಾರು ಬಂತು. "ನಮ್ಮ ಬೀದಿ ಏನು ಪಾಪ ಮಾಡಿತ್ತು?" ಅಂತ ಒಬ್ಬ ಅಜ್ಜಿ ಮನೆ ಬಾಗಿಲಿಗೇ ಬಂದರು. ಲೆಕ್ಕದ ಪುಸ್ತಕ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ವಾರದೊಳಗೆ ಅವರ ಬೀದಿಯ ನಾಲ್ಕೂ ಕಂಬಗಳ ಹಣ ತಂದುಕೊಟ್ಟರು.

ಈಗ ಮೂರು ಕಂಬ ಬಾಕಿ ಇವೆ. ಒಂದು ನಮ್ಮ ಮನೆ ಎದುರಿನದೇ.